ರೋಸ್ಲಿನ್: ಕಲ್ಲಿದ್ದಲಿನ ಗಣಿ ಮುಚ್ಚಿದ ಮೇಲೂ ಈ ಊರು ಉಳಿದದ್ದು ಹೇಗೆ?

ಕಿಟಿಟಾಸ್ ಕನ್ನಡತಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ವಾಷಿಂಗ್ಟನ್ ರಾಜ್ಯದ ರೋಸ್ಲಿನ್ ಎಂಬ ಪುಟ್ಟ ಊರಿನ ಬಗ್ಗೆ ತಿಳಿದವರೊಂದಿಗೆ ಮಾತನಾಡಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಸಿಯಾಟಲ್‌ನಿಂದ ಪೂರ್ವಕ್ಕೆ ಸುಮಾರು 130 ಕಿಲೋಮೀಟರ್, ಕ್ಯಾಸ್ಕೇಡ್ ಪರ್ವತಸಾಲಿನ ಆಚೆ ಮಗ್ಗುಲು, ಕಿಟಿಟಾಸ್ ಕೌಂಟಿ. 2010ರ ಜನಗಣತಿಯಲ್ಲಿ ಅಲ್ಲಿದ್ದವರು 893 ಮಂದಿ. ಈ ಭಾಗದ ನಮ್ಮವರು ಪಕ್ಕದ ರೆಸಾರ್ಟಿಗೆ ಹೋದಾಗ ಊರಿನ ಮುಖ್ಯ ಬೀದಿಯಲ್ಲಿ ಫೋಟೋ ತೆಗೆಸಿಕೊಂಡು ಬರುತ್ತಾರೆ. 1990ರ ದಶಕದ ಒಂದು ಟಿವಿ ಧಾರಾವಾಹಿಯಲ್ಲಿ ಅಲಾಸ್ಕಾದ ಊರಾಗಿ ಕಾಣಿಸಿಕೊಂಡದ್ದು ಇದೇ ಬೀದಿ ಎಂಬುದು ಬಹಳ ಜನಕ್ಕೆ ಗೊತ್ತು. ಸುತ್ತಲಿನ ಗುಡ್ಡಗಳ ಹೊಟ್ಟೆಯಲ್ಲಿ ಏನಿದೆ ಎಂದು ಕೇಳಿದವರು ಕಡಿಮೆ.

ಊರು ಹುಟ್ಟಿದ್ದು 1886ರಲ್ಲಿ, ರೈಲಿನ ಹಸಿವು ತೀರಿಸಲು. ನಾರ್ದರ್ನ್ ಪೆಸಿಫಿಕ್ ರೈಲ್ವೆ ಕಂಪನಿಗೆ ಅಮೆರಿಕದ ಸಂಸತ್ತು 1864ರಲ್ಲೇ ಹಳಿಯ ಎರಡೂ ಬದಿಯ ಜಮೀನನ್ನು ಒಂದು ಚದರ ಮೈಲಿ ಬಿಟ್ಟು ಮತ್ತೊಂದರಂತೆ ಬರೆದುಕೊಟ್ಟಿತ್ತು. ಕ್ಯಾಸ್ಕೇಡ್ ದಾಟುವ ಮಾರ್ಗ ಹಾಕುವಾಗ ಎಂಜಿನ್‌ಗಳಿಗೆ ಒಳ್ಳೆಯ ಕಲ್ಲಿದ್ದಲು ಹತ್ತಿರದಲ್ಲೇ ಬೇಕಿತ್ತು, ಅದು ಇಲ್ಲಿ ಸಿಕ್ಕಿತು. ಕಂಪನಿಯವರೇ ನಕ್ಷೆ ಹಾಕಿ ನಿವೇಶನ ಬಿಡಿಸಿದರು. ಇಟಲಿ, ಕ್ರೊಯೇಷಿಯಾ, ಸ್ಲೊವಾಕಿಯಾ, ಲಿಥುವೇನಿಯಾ, ಪೋಲೆಂಡ್, ಇಂಗ್ಲೆಂಡ್, ಸ್ಕಾಟ್ಲೆಂಡ್ ಎಂದು ಎಲ್ಲೆಲ್ಲಿಂದಲೋ ಜನ ಬಂದರು. 1910ರ ಹೊತ್ತಿಗೆ ಜನಸಂಖ್ಯೆ ಮೂರು ಸಾವಿರ ದಾಟಿತ್ತು. ಕೊನೆಯ ಗಣಿ ಮುಚ್ಚಿದ್ದು 1963ರಲ್ಲಿ.

ನನ್ನನ್ನು ಕಾಡುವ ಪ್ರಶ್ನೆ ಇದು. ಇದೇ ರಾಜ್ಯದಲ್ಲಿ ಫ್ರಾಂಕ್ಲಿನ್ ಎಂಬ ಇನ್ನೊಂದು ಕಲ್ಲಿದ್ದಲಿನ ಊರಿತ್ತು. 1894ರಲ್ಲಿ ಅಲ್ಲಿನ ಗಣಿಗೆ ಬೆಂಕಿ ಬಿದ್ದು 37 ಮಂದಿ ಸತ್ತರು. ಇಂದು ಅಲ್ಲಿ ಕಾಡು ಬೆಳೆದಿದೆ, ಊರಿನ ಗುರುತಾಗಿ ಉಳಿದಿರುವುದು ಗಣಿಗಿಳಿಯುವ ಬಾವಿಯ, ಅಂದರೆ ಶಾಫ್ಟಿನ, ಬಾಯಿ, ಒಂದಷ್ಟು ಸಮಾಧಿ, ಅಡಿಪಾಯದ ಕಲ್ಲು. ಮೆಲ್ಮಾಂಟ್ ಎಂಬ ಊರಿನದೂ ಅದೇ ಕಥೆ. ರೋಸ್ಲಿನ್ ಮಾತ್ರ ಉಳಿಯಿತು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಕಂಪನಿ ಕೊಟ್ಟದ್ದು ಕೂಲಿ ಮಾತ್ರ, ಊರನ್ನು ಕಟ್ಟಿಕೊಂಡವರು ಕಾರ್ಮಿಕರು. ಸ್ವಂತ ಮನೆ, ಸ್ವಂತ ಸಂಘ, ಸ್ವಂತ ಸ್ಮಶಾನ ಮಾಡಿಕೊಂಡ ಜನ ಗಣಿ ನಿಂತ ಮಾತ್ರಕ್ಕೆ ಗಂಟುಮೂಟೆ ಕಟ್ಟುವುದಿಲ್ಲ. ಒಪ್ಪುವವರೂ ಒಪ್ಪದವರೂ ಬರೆಯಿರಿ. ಗಣಿ ಊರುಗಳಲ್ಲಿ ಬೆಳೆದವರು ದಯವಿಟ್ಟು ಸುಮ್ಮನಿರಬೇಡಿ.

---

ಚಾಂಪಿಯನ್ ರೀಫ್ಸ್

ಮೇಡಂ, ನಾನು ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮದು ಕಲ್ಲಿದ್ದಲಲ್ಲ, ಚಿನ್ನ. ಆದರೂ ಗಣಿ ಊರಿನ ನಾಡಿಮಿಡಿತ ಎಲ್ಲ ಕಡೆಯೂ ಒಂದೇ. ಪಾಳಿಯ ಸೈರನ್ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಒಲೆಯ ಮೇಲಿನ ಪಾತ್ರೆ ಹಾಗೆಯೇ ಬಿಟ್ಟು ಹೆಂಗಸರು ಶಾಫ್ಟಿನ ಕಡೆ ಓಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ರೋಸ್ಲಿನ್ ಎಂದರೆ ಗಣಿ ಸುರಕ್ಷತೆ ಓದಿದವರಿಗೆ ನೆನಪಾಗುವುದು 1892ರ ಮೇ 10. ಒಂದನೇ ನಂಬರಿನ ಗಣಿಯಲ್ಲಿ ಸ್ಫೋಟವಾಗಿ 45 ಮಂದಿ ಸತ್ತರು. ವಾಷಿಂಗ್ಟನ್ ರಾಜ್ಯದ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಗಣಿ ದುರಂತ ಇನ್ನೊಂದಿಲ್ಲ. ಗಾಳಿಯ ಹರಿವು ಸಾಲದೆ ಅನಿಲ ಶೇಖರವಾಗಿದ್ದೇ ಕಾರಣ ಎಂಬುದು ತನಿಖೆಯಲ್ಲಿ ಹೊರಬಂದ ಮಾತು. ಅದೂ ಎಂಥ ಹೊತ್ತಿನಲ್ಲಿ! ಕೆಳಗಿನ ಮಟ್ಟಗಳಿಗೆ ಗಾಳಿಯ ದಾರಿ ಜೋಡಿಸುವ ಕೆಲಸವೇ ಆಗ ನಡೆಯುತ್ತಿತ್ತು.

ಓದುವವರಿಗೆ ವಿಷಯ ತಿಳಿಯಲಿ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಲ್ಲಿದ್ದಲಿನ ಪದರದಲ್ಲಿ ಮೀಥೇನ್ ಅನಿಲ ಅಡಗಿರುತ್ತದೆ. ಕಡಿದಂತೆಲ್ಲ ಅದು ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಹಗುರವಾದ್ದರಿಂದ ಸೂರಿಗೆ ಅಂಟಿಕೊಂಡು ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 5ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ಸಾಕು. ನಾವು ಗಣಿ ಪರೀಕ್ಷೆಗೆ ಓದುವಾಗ ಸುರಕ್ಷತಾ ದೀಪದಿಂದ ಪರೀಕ್ಷಿಸುವುದನ್ನು ಕಲಿಸುತ್ತಿದ್ದರು. ಬತ್ತಿಯನ್ನು ಇಳಿಸುತ್ತಾ ಹೋಗಬೇಕು, ಜ್ವಾಲೆಯ ಹಳದಿ ಪೂರ್ತಿ ಹೋಗುವವರೆಗೆ. ಆಮೇಲೆ ಕೈ ನಡುಗದಂತೆ ದೀಪವನ್ನು ನಿಧಾನವಾಗಿ ಸೂರಿನ ಕಡೆ ಎತ್ತಬೇಕು. ಅನಿಲವಿದ್ದರೆ ಆ ಪುಟ್ಟ ಜ್ವಾಲೆಯ ಮೇಲೆ ತೆಳು ನೀಲಿಯ ಇನ್ನೊಂದು ಜ್ವಾಲೆ ಟೋಪಿ ಇಟ್ಟಂತೆ ಮೂಡುತ್ತದೆ. ಅದರ ಎತ್ತರ ನೋಡಿ ಅನಿಲ ಎಷ್ಟಿದೆ ಎಂದು ಅಂದಾಜು ಮಾಡಬೇಕು. ದೀಪ ಇಳಿಸುವಾಗಲೂ ಅವಸರ ಸಲ್ಲದು. ನೂರಾರು ಜನರ ಪ್ರಾಣ ಒಬ್ಬನ ಕಣ್ಣಿನ ಮೇಲೆ ನಿಂತಿರುತ್ತಿತ್ತು.

ಸ್ಫೋಟದ ಹೊಡೆತದಿಂದಲೇ ಎಲ್ಲರೂ ಸಾಯುವುದಿಲ್ಲ. ಬೆಂಕಿ ಆರಿದ ಮೇಲೆ ಉಳಿಯುವ ಕಾರ್ಬನ್ ಮಾನಾಕ್ಸೈಡ್ ಇದೆಯಲ್ಲ, ಅದು ದೂರದಲ್ಲಿ ಬದುಕುಳಿದವರನ್ನೂ ಮಲಗಿಸಿಬಿಡುತ್ತದೆ. ರಕ್ಷಣೆಗೆ ಇಳಿದವರನ್ನೂ ಬಿಡುವುದಿಲ್ಲ. 1909ರ ಅಕ್ಟೋಬರ್ 3ರಂದು ಅದೇ ಊರಿನ ನಾಲ್ಕನೇ ನಂಬರಿನ ಗಣಿ ಸ್ಫೋಟಿಸಿ ಇನ್ನೂ 10 ಮಂದಿ ಹೋದರು. ಅಂದು ಭಾನುವಾರ. ಕೆಲಸದ ದಿನವಾಗಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು.

ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಸತ್ತವರ ಹೆಸರನ್ನು ಮೊದಲು ನೆನೆಯದೆ ಊರಿನ ಉಳಿವಿನ ಮಾತು ಆಡಲು ನನಗೆ ಮನಸ್ಸು ಬರಲಿಲ್ಲ.

---

ಹಳಿ ಪಕ್ಕದ ಮನೆ

ರೈಲ್ವೆಯಲ್ಲಿದ್ದವನಾಗಿ ಒಂದು ವಿಷಯ ಸೇರಿಸುತ್ತೇನೆ. ರೋಸ್ಲಿನ್‌ಗೆ ಗಿರಾಕಿ ಎಂದರೆ ಮುಖ್ಯವಾಗಿ ಒಬ್ಬನೇ, ಅದೇ ರೈಲ್ವೆ. ಗಣಿ ನಡೆಸಿದ್ದೂ ಅದರದೇ ಅಂಗಸಂಸ್ಥೆ. ಇಂಥ ಊರಿನ ಹಣೆಬರಹ ಗಿರಾಕಿಯ ಕೈಯಲ್ಲಿರುತ್ತದೆ.

ಸ್ಟಾಂಪೀಡ್ ಕಣಿವೆಯ ಸುರಂಗ ಮುಗಿದದ್ದು 1888ರಲ್ಲಿ. ಅಲ್ಲಿಂದ ಮುಂದೆ ಬೆಟ್ಟ ಹತ್ತುವ ಉಗಿಬಂಡಿಗಳಿಗೆ ರೋಸ್ಲಿನ್ ಕಲ್ಲಿದ್ದಲೇ ಆಹಾರ. ಆದರೆ 1924ರಲ್ಲಿ ಅದೇ ರೈಲ್ವೆಯ ಗಣಿ ಕಂಪನಿ ಮೊಂಟಾನಾದ ಕೋಲ್‌ಸ್ಟ್ರಿಪ್‌ನಲ್ಲಿ ತೆರೆದ ಗಣಿ ಶುರು ಮಾಡಿತು. ಅಲ್ಲಿನ ಕಲ್ಲಿದ್ದಲಿನ ಗುಣಮಟ್ಟ ಕಡಿಮೆ. ಆದರೆ ಮೇಲ್ಮಣ್ಣು ಸರಿಸಿ ಯಂತ್ರದಿಂದ ಬಾಚಿ ತುಂಬಬಹುದು, ಕೆಲವೇ ಜನ ಸಾಕು. ಮನುಷ್ಯ ಬಾಗಿ ಕಡಿದು ತೆಗೆಯುವ ಕಲ್ಲಿದ್ದಲು ಬೆಲೆಯಲ್ಲಿ ಅದರೊಂದಿಗೆ ಸೆಣಸುವುದು ಹೇಗೆ? ಎರಡನೇ ಮಹಾಯುದ್ಧದ ಹೊತ್ತಿಗೆ ಡೀಸೆಲ್ ಎಂಜಿನ್ ಬಂತು, 1950ರ ದಶಕ ಮುಗಿಯುವಷ್ಟರಲ್ಲಿ ಉಗಿಬಂಡಿಯ ಕಾಲವೇ ಮುಗಿಯಿತು. 1963 ಎನ್ನುವುದು ಮುಚ್ಚಿದ ತಾರೀಖು ಅಷ್ಟೇ, ಗಣಿಯ ಉಸಿರು ಅದಕ್ಕೂ ಎಷ್ಟೋ ಮೊದಲೇ ಕುಂದಿತ್ತು.

ಹುಬ್ಬಳ್ಳಿಯಲ್ಲಿ ಉಗಿಬಂಡಿಗಳನ್ನು ಸಾಲಾಗಿ ನಿಲ್ಲಿಸಿ ಗುಜರಿಗೆ ಕಳುಹಿಸಿದ ಕಾಲ ನನಗೆ ನೆನಪಿದೆ. ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ ಫೈರ್‌ಮನ್‌ಗಳಿಗೆ ಬೇರೆ ಕೆಲಸ ಕೊಟ್ಟರು. ಆ ಎಂಜಿನ್‌ಗಳಿಗೆ ಕಲ್ಲಿದ್ದಲು ಕಳುಹಿಸುತ್ತಿದ್ದ ಊರುಗಳು ಏನಾದವು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಈ ಚರ್ಚೆ ಓದುವಾಗ ಆ ಪ್ರಶ್ನೆ ಮನಸ್ಸಿನಲ್ಲಿ ಎದ್ದಿತು.

---

ಕಡತ ಹುಡುಕುವವ

ಕಿಟಿಟಾಸ್ ಕನ್ನಡತಿಯವರೇ, “ಎಲ್ಲೆಲ್ಲಿಂದಲೋ ಜನ ಬಂದರು” ಎಂಬ ಒಂದೇ ವಾಕ್ಯದಲ್ಲಿ ದೊಡ್ಡ ಸಂಗತಿಯೊಂದು ಮುಚ್ಚಿಹೋಗಿದೆ. 1888ರಲ್ಲಿ ಏನಾಯಿತು ಎಂಬುದನ್ನು ಬಿಟ್ಟು ರೋಸ್ಲಿನ್ ಕಥೆ ಹೇಳಲಾಗದು.

ಆ ವರ್ಷ ನೈಟ್ಸ್ ಆಫ್ ಲೇಬರ್ ಎಂಬ ಕಾರ್ಮಿಕ ಸಂಘಟನೆಯ ನೇತೃತ್ವದಲ್ಲಿ ಮುಷ್ಕರ ನಡೆಯಿತು. ಕಂಪನಿ ಮಾತುಕತೆಗೆ ಬಾರದೆ, ಪೂರ್ವದ ಮತ್ತು ದಕ್ಷಿಣದ ರಾಜ್ಯಗಳಿಂದ ಕಪ್ಪು ಜನಾಂಗದ ಗಣಿ ಕಾರ್ಮಿಕರನ್ನು ರೈಲಿನಲ್ಲಿ ಕರೆತಂದಿತು. ಜೇಮ್ಸ್ ಶೆಪರ್ಸನ್ ಎಂಬಾತ, ಸ್ವತಃ ಕಪ್ಪು ಜನಾಂಗದವನೇ, ಅವರನ್ನು ಕೂಡಿಸಿ ತಂದವನು. ಬಂದೂಕು ಹಿಡಿದ ಕಾವಲುಗಾರರೊಂದಿಗೆ ರೈಲು ಬಂದು ನಿಂತಿತು. ಬಂದವರಲ್ಲಿ ಹಲವರಿಗೆ ತಾವು ಮುಷ್ಕರ ಮುರಿಯಲು ಬಂದಿದ್ದೇವೆ ಎಂಬುದು ಮುಂಚೆ ತಿಳಿದಿರಲಿಲ್ಲ. ಹೆಂಡತಿ ಮಕ್ಕಳೂ ಬಂದರು, ಕೆಲವೇ ಕಾಲದಲ್ಲಿ ಊರಿನ ಜನಸಂಖ್ಯೆಯಲ್ಲಿ ದೊಡ್ಡ ಪಾಲು ಅವರದಾಯಿತು. ಫ್ರಾಂಕ್ಲಿನ್‌ನಲ್ಲೂ 1891ರಲ್ಲಿ ಇದೇ ತಂತ್ರ ನಡೆದಿದೆ.

ಗುಲಾಮಗಿರಿ ಕಾನೂನಿನಿಂದ ತೊಲಗಿ ಆಗ ಇನ್ನೂ ಕಾಲು ಶತಮಾನವೂ ತುಂಬಿರಲಿಲ್ಲ. ದಕ್ಷಿಣದ ಊರುಗಳಲ್ಲಿ ಅವರ ಬಾಳು ಹೇಗಿತ್ತೆಂದು ನೆನೆದರೆ, ಅಷ್ಟು ದೂರ ಹೊರಟವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಮುಷ್ಕರ ಹೂಡಿದವರ ಹೊಟ್ಟೆಯ ಸಂಕಟವೂ ಸುಳ್ಳಲ್ಲ. ಒಂದು ಬಡವರ ಗುಂಪನ್ನು ಇನ್ನೊಂದರ ಎದುರು ನಿಲ್ಲಿಸಿದ್ದು ಯಾರು ಎಂಬುದನ್ನು ಮರೆಯಬಾರದು, ಅಷ್ಟೇ.

ನಾಲ್ಕು ವರ್ಷಗಳ ನಂತರ 1892ರ ಸ್ಫೋಟದಲ್ಲಿ ಬಿಳಿಯರೂ ಕಪ್ಪು ಜನರೂ ಒಟ್ಟಿಗೆ ಸತ್ತರು. ಹೂಳುವಾಗ ಮತ್ತೆ ಬೇರೆ ಬೇರೆ. ಕಪ್ಪು ಜನರ ಸ್ಮಶಾನ ಮೌಂಟ್ ಆಲಿವೆಟ್ ಇಂದಿಗೂ ಇದೆ. ಗಣಿ ಕುಗ್ಗುತ್ತ ಬಂದಂತೆ ಆ ಮನೆತನಗಳಲ್ಲಿ ಹೆಚ್ಚಿನವು ಸಿಯಾಟಲ್ ಮುಂತಾದ ಕಡೆ ಹೋದವು, ಕೆಲವು ಉಳಿದವು. ಹಾಗೆ ಉಳಿದ ಕ್ರೇವನ್ ಮನೆತನದ ವಿಲಿಯಂ ಕ್ರೇವನ್ 1975ರಲ್ಲಿ ರೋಸ್ಲಿನ್‌ನ ಮೇಯರ್ ಆಗಿ ಆಯ್ಕೆಯಾದರು. ವಾಷಿಂಗ್ಟನ್ ರಾಜ್ಯದಲ್ಲೇ ಮೇಯರ್ ಆದ ಮೊದಲ ಕಪ್ಪು ಜನಾಂಗದ ವ್ಯಕ್ತಿ ಅವರು. ಬಂದೂಕಿನ ಕಾವಲಿನಲ್ಲಿ ಇಳಿದ ಜನರ ವಂಶದವರೊಬ್ಬರು ಅದೇ ಊರಿನ ಆಡಳಿತ ಹಿಡಿಯಲು 87 ವರ್ಷ ಬೇಕಾಯಿತು. ಊರು ಉಳಿದದ್ದರ ಬಗ್ಗೆ ಮಾತನಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

---

ಬೆಲ್‌ವ್ಯೂ ಬಾಬು

ಎಲ್ಲರ ಬರಹವೂ ಚೆನ್ನಾಗಿದೆ, ಆದರೆ ಮೂಲ ಪ್ರಶ್ನೆಗೆ ನನ್ನ ಉತ್ತರ ಬೇರೆ. ರೋಸ್ಲಿನ್ ಉಳಿದದ್ದು ಹೆದ್ದಾರಿಯಿಂದ. ಐ-90ರಿಂದ ಕೆಲವೇ ನಿಮಿಷ, ಸಿಯಾಟಲ್‌ನಿಂದ ಒಂದೂವರೆ ಗಂಟೆ. ಟಿವಿ ಧಾರಾವಾಹಿ ಬಂತು, ಪ್ರವಾಸಿಗರು ಬಂದರು. ಆಮೇಲೆ ಸನ್‌ಕೇಡಿಯಾ ರೆಸಾರ್ಟ್ ಬಂತು, ಗಾಲ್ಫ್ ಮೈದಾನ, ವಾರಾಂತ್ಯದ ಮನೆಗಳು ಬಂದವು. ಆ ಜಾಗ ಯಾವುದು ಗೊತ್ತೇ? 1864ರಲ್ಲಿ ರೈಲ್ವೆಗೆ ಪುಕ್ಕಟೆ ಸಿಕ್ಕಿದ ಜಮೀನು ಮರದ ಕಂಪನಿಯ ಕೈಗೆ ಹೋಗಿ, ಅಲ್ಲಿಂದ ರೆಸಾರ್ಟಿಗೆ ಬಂದದ್ದು. ಕಲ್ಲಿದ್ದಲು ಮುಗಿಯಿತು, ಮರ ಮುಗಿಯಿತು, ಈಗ ನೋಟವನ್ನು ಮಾರುತ್ತಿದ್ದಾರೆ.

ಗಣಿ ಕಾರ್ಮಿಕರು ಕಟ್ಟಿಕೊಂಡ ಪುಟ್ಟ ಮರದ ಮನೆಗಳ ಬೆಲೆ ಇಂದು ಅಲ್ಲಿನ ಅಂಗಡಿಯಲ್ಲಿ ದುಡಿಯುವವರ ಕೈಗೆ ಎಟುಕುವಂತಿಲ್ಲ. ಹಾಗಿರುವಾಗ ಉಳಿದದ್ದು ಊರೇ ಅಥವಾ ಊರಿನ ಮುಂಭಾಗವೇ? 1978ರಲ್ಲಿ ಇಡೀ ಊರನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು, ಗೋಡೆಗಳು ಉಳಿದವು. ಅಲ್ಲಿ ಬಾಳಿದ ಜನ ಎಲ್ಲಿ?

---

ಕಿಟಿಟಾಸ್ ಕನ್ನಡತಿ

ಬಾಬು ಅವರೇ, ಹೆದ್ದಾರಿಯ ಮಾತು ಅರ್ಧ ಒಪ್ಪುತ್ತೇನೆ. ಆದರೆ ಕಾಲವನ್ನು ಗಮನಿಸಿ. 1963ರಲ್ಲಿ ಗಣಿ ಮುಚ್ಚಿತು, ಧಾರಾವಾಹಿ ಬಂದದ್ದು 1990ರಲ್ಲಿ. ನಡುವಿನ 27 ವರ್ಷ ಊರಿಗೆ ಬೇರೆ ಯಾವ ದಿಕ್ಕೂ ಇರಲಿಲ್ಲ. ಮರ ಕಡಿಯುವ ಕೆಲಸ, ಪಿಂಚಣಿ, ಸಣ್ಣಪುಟ್ಟ ವ್ಯಾಪಾರ, ಅಷ್ಟೇ. ಆ ಬಡತನದ ವರ್ಷಗಳಲ್ಲಿ ಮನೆ ಬಿಡದೆ ಕೂತವರು ಯಾರು? ಅವರು ಇರದಿದ್ದರೆ ಧಾರಾವಾಹಿಯವರಿಗೆ ತೋರಿಸಲು ಬೀದಿಯೇ ಇರುತ್ತಿರಲಿಲ್ಲ.

ಸ್ಮಶಾನದ ವಿಷಯ ಬಿಡಿಸಿ ಬರೆಯಬೇಕು, ನನ್ನ ವಾದ ನಿಂತಿರುವುದೇ ಅದರ ಮೇಲೆ. ಊರಿನ ಅಂಚಿನಲ್ಲಿ, ಪೈನ್ ಮರಗಳ ಇಳಿಜಾರಿನಲ್ಲಿ, ಒಂದಕ್ಕೊಂದು ತಾಗಿದಂತೆ ಸುಮಾರು ಇಪ್ಪತ್ತೈದು ಸ್ಮಶಾನಗಳಿವೆ. ಸಾವಿರ ಜನರಿಲ್ಲದ ಊರಿಗೆ ಇಪ್ಪತ್ತೈದು! ಕ್ರೊಯೇಷಿಯನ್ನರದು, ಸ್ಲೊವಾಕರದು, ಲಿಥುವೇನಿಯನ್ನರದು, ಪೋಲಿಷರದು, ಸರ್ಬಿಯನ್ನರದು ಎಂದು ನಾಡಿಗೊಂದು. ಅದರ ಜೊತೆಗೆ ನೈಟ್ಸ್ ಆಫ್ ಪಿಥಿಯಾಸ್, ರೆಡ್ ಮೆನ್, ಆಡ್ ಫೆಲೋಸ್, ಈಗಲ್ಸ್, ಮೇಸನ್ಸ್ ಎಂಬ ಸಂಘಗಳವು. ಒಂದರಿಂದ ಇನ್ನೊಂದಕ್ಕೆ ಕಾಲಿಟ್ಟಾಗ ಕಲ್ಲಿನ ಮೇಲಿನ ಭಾಷೆ ಬದಲಾಗುತ್ತದೆ, ಸಂಘದ ಚಿಹ್ನೆ ಬದಲಾಗುತ್ತದೆ. ಕೆಲವು ಕಲ್ಲುಗಳಲ್ಲಿ ಪಿಂಗಾಣಿಯ ಮೇಲೆ ಅಚ್ಚೊತ್ತಿದ ಅಂಡಾಕಾರದ ಭಾವಚಿತ್ರವಿದೆ. ಮೀಸೆ ತಿರುವಿ, ಕಾಲರ್ ಬಿಗಿದು, ಫೋಟೋಗೆಂದೇ ಸಿಂಗರಿಸಿಕೊಂಡು ಕುಳಿತ ಯುವಕರು. ಚಿಕ್ಕ ಮಕ್ಕಳ ಕಲ್ಲುಗಳು ಎಣಿಸಲಾರದಷ್ಟಿವೆ.

ಇದನ್ನು ಭಕ್ತಿಗಾಗಿ ಮಾತ್ರ ಮಾಡಿದ್ದಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಕಾರ್ಮಿಕರ ಪರಿಹಾರ ಕಾನೂನು ಬಂದದ್ದು 1911ರಲ್ಲಿ. ಅದಕ್ಕೂ ಮೊದಲು ಗಣಿಯಲ್ಲಿ ಸತ್ತವನ ಹೆಂಡತಿಗೆ ಹಣ ಬೇಕಾದರೆ ಕಂಪನಿಯ ವಿರುದ್ಧ ನ್ಯಾಯಾಲಯಕ್ಕೆ ಹೋಗಿ ಗೆಲ್ಲಬೇಕಿತ್ತು. ಇಂಗ್ಲಿಷ್ ಬಾರದ ವಿಧವೆ ಎಲ್ಲಿಗೆ ಹೋದಾಳು? ಆದ್ದರಿಂದ ತಿಂಗಳಿಗಿಷ್ಟು ಚಂದಾ ಎಂದು ಕಟ್ಟಿ, ಕಾಲು ಮುರಿದರೆ ಇಷ್ಟು, ಸತ್ತರೆ ಮನೆಯವರಿಗೆ ಇಷ್ಟು, ಮಣ್ಣು ಮಾಡುವ ಖರ್ಚು ಸಂಘದ್ದು ಎಂದು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಂಡರು. ಹೂಳಲು ಜಾಗವೂ ಸಂಘದ್ದೇ. ಅನಾಥ ಹೆಣವಾಗಿ ಹೋಗಬಾರದು ಎಂಬುದು ಮನೆ ಮಠ ಬಿಟ್ಟು ಬಂದವರ ಮೊದಲ ಹಂಬಲ. ನಮ್ಮವರು ಮುಂಬಯಿಗೆ ಗಿರಣಿ, ಹೋಟೆಲು ಕೆಲಸಕ್ಕೆ ಹೋದಾಗ ಊರಿನವರದೇ ಸಂಘ ಕಟ್ಟಿಕೊಂಡದ್ದು ನೆನಪಾಗುವುದಿಲ್ಲವೇ?

ಅಜ್ಜ ಮಣ್ಣಾದ ಜಾಗ, ಅಪ್ಪ ಕಂತು ಕಟ್ಟಿ ಕೊಂಡ ನಿವೇಶನ, ತಾಯಿ ಅಡುಗೆ ಮಾಡಿ ಬಡಿಸಿದ ಸಂಘದ ಸಭಾಂಗಣ. ಇವು ಮೂರೂ ಕಂಪನಿಯ ಆಸ್ತಿಯಾಗಿರಲಿಲ್ಲ. ನಾನು ಹೇಳುತ್ತಿರುವುದು ಇಷ್ಟೇ.

---

ಶಕ್ತಿನಗರದವಳು

ನಾನು ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಮೊದಲ ಘಟಕ 1985ರಲ್ಲಿ ಶುರುವಾಯಿತು, ಈಗ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಕಲ್ಲಿದ್ದಲಿನ ವ್ಯಾಗನ್‌ಗಳ ಸಾಲು ದಾಟಲು ಗೇಟಿನಲ್ಲಿ ಕಾಯುವುದು ನಮ್ಮ ದಿನಚರಿಯಾಗಿತ್ತು. ಆ ಕಲ್ಲಿದ್ದಲಿನ ದೊಡ್ಡ ಪಾಲು ತೆಲಂಗಾಣದ ಸಿಂಗರೇಣಿಯದು.

ರೋಸ್ಲಿನ್ ಹುಟ್ಟಿದ 1886 ಎಂದು ಓದಿದಾಗ ಬೆರಗಾಯಿತು. ಸಿಂಗರೇಣಿಯ ಕಥೆಯಲ್ಲೂ ಅದೇ ವರ್ಷ ಬರುತ್ತದೆ. ಯೆಲ್ಲಂದು ಪ್ರದೇಶದಲ್ಲಿ ಕಲ್ಲಿದ್ದಲು ಇರುವುದನ್ನು 1871ರಲ್ಲಿ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯ ಡಾ. ವಿಲಿಯಂ ಕಿಂಗ್ ಗುರುತಿಸಿದರು. 1886ರಲ್ಲಿ ಇಂಗ್ಲೆಂಡಿನಲ್ಲಿ ನೋಂದಾಯಿತವಾದ ಹೈದರಾಬಾದ್ ಡೆಕ್ಕನ್ ಕಂಪನಿಗೆ ಗಣಿ ಹಕ್ಕು ಸಿಕ್ಕಿತು. 1920ರಲ್ಲಿ ಅದೇ ಸಿಂಗರೇಣಿ ಕಾಲರೀಸ್ ಆಯಿತು. ಆಗ ನಮ್ಮ ರಾಯಚೂರು, ಕಲಬುರಗಿಗಳೂ ಅದೇ ನಿಜಾಮರ ಸಂಸ್ಥಾನದಲ್ಲಿದ್ದವು. ಯೆಲ್ಲಂದಿನಲ್ಲಿ ಶುರುವಾದ ಕಂಪನಿ ಆಮೇಲೆ ಕೊತ್ತಗೂಡೆಂ, ರಾಮಗುಂಡಂ ಕಡೆ ಬೆಳೆಯಿತು, ಮೊದಲು ಅಗೆದ ಊರು ಹಿಂದೆ ಬಿತ್ತು. ನಮ್ಮ ಶಾಲೆಯಲ್ಲಿ ವಿದ್ಯುತ್ ಹೇಗೆ ಉತ್ಪಾದನೆಯಾಗುತ್ತದೆ ಎಂದು ಬಾಯ್ಲರ್‌ನಿಂದ ಪಾಠ ಶುರು ಮಾಡುತ್ತಿದ್ದರು. ಬಾಯ್ಲರ್‌ವರೆಗೆ ಅದನ್ನು ತಲುಪಿಸಿದ ಊರುಗಳ ಹೆಸರನ್ನು ಯಾರೂ ಹೇಳಿಕೊಡಲಿಲ್ಲ. ರಾಯಚೂರಿನ ಮಕ್ಕಳಿಗಾದರೂ ಅದು ಗೊತ್ತಿರಬೇಕು.

---

ಚಾಂಪಿಯನ್ ರೀಫ್ಸ್

ಈಗ ಮೇಡಂ ಕೇಳಿದ ಪ್ರಶ್ನೆಗೆ ಬರುತ್ತೇನೆ. ಸ್ವಂತ ನಿವೇಶನದ ಮಾತು ನನ್ನ ಎದೆಗೆ ತಾಗಿತು.

ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, ಬೆಂಗಳೂರಿಗೂ ಮೊದಲು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆ ತಾನಾಗಿ ಸಿಡಿಯುತ್ತದೆ, ನಮ್ಮಲ್ಲಿ ಸತ್ತವರಲ್ಲಿ ಬಹಳ ಮಂದಿ ಹಾಗೆಯೇ ಹೋದರು. ದೂಳು ಕುಡಿದು ಪುಪ್ಪುಸ ಕಲ್ಲಾಗಿ ಮನೆಯಲ್ಲಿ ಕೆಮ್ಮುತ್ತಾ ಹೋದವರನ್ನು ಯಾವ ಪಟ್ಟಿಯಲ್ಲೂ ಬರೆದಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ನಮ್ಮ ಲೈನ್ ಮನೆಗಳು ಕಂಪನಿಯವು, ನೆಲವೂ ಕಂಪನಿಯದು. ಮೂರು ನಾಲ್ಕು ತಲೆಮಾರು ಅದೇ ಹತ್ತಡಿಯ ಕೋಣೆಯಲ್ಲಿ ಹುಟ್ಟಿ ಬೆಳೆದು ಸತ್ತರೂ ಒಂದು ಇಟ್ಟಿಗೆಗೂ ನಾವು ಹಕ್ಕುದಾರರಲ್ಲ. ಗಣಿ ನಿಂತ ಮೇಲೆ ಹಕ್ಕುಪತ್ರಕ್ಕಾಗಿ ಅಲೆದ ಜನರ ಕಾಲು ಸವೆದುಹೋಗಿದೆ. ಊರ ನಡುವೆ 3 ಕೋಟಿ ಟನ್ನಿಗೂ ಮಿಕ್ಕಿದ ಗಣಿ ತ್ಯಾಜ್ಯ ಸೈನೈಡ್ ಗುಡ್ಡಗಳಾಗಿ ನಿಂತಿದೆ, ಗಾಳಿ ಬೀಸಿದಾಗ ಅದರ ದೂಳು ಅನ್ನದ ತಟ್ಟೆಗೆ ಬರುತ್ತದೆ.

ಆದರೂ ನಮ್ಮ ಊರು ಸಾಯಲಿಲ್ಲ. ಮುಂಜಾನೆ ಕತ್ತಲಲ್ಲೇ ಸಾವಿರಾರು ಮಂದಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುತ್ತಾರೆ. ಬೆಂಗಳೂರಿನಲ್ಲೇ ಬಾಡಿಗೆ ಹಿಡಿಯಬಹುದಿತ್ತು. ಬಿಡಲು ಮನಸ್ಸಿಲ್ಲ. ಹಾಗಾಗಿ ಮೇಡಂ, ಆಸ್ತಿಯೊಂದೇ ಜನರನ್ನು ಹಿಡಿದಿಡುತ್ತದೆ ಎನ್ನುವುದನ್ನು ನಾನು ಒಪ್ಪಲಾರೆ. ಆಸ್ತಿ ಇಲ್ಲದೆಯೂ ಊರು ಹಿಡಿದು ಕೂತವರು ನಾವು. ಹಕ್ಕುಪತ್ರ ಇದ್ದಿದ್ದರೆ ಮಾನದಿಂದ ಕೂರುತ್ತಿದ್ದೆವು. ವ್ಯತ್ಯಾಸ ಅಲ್ಲಿದೆ.

---

ಬೆಲ್‌ವ್ಯೂ ಬಾಬು

ಚಾಂಪಿಯನ್ ರೀಫ್ಸ್ ಸರ್, ನಿಮ್ಮ ಮಾತಿನ ಮುಂದೆ ನನ್ನ ಹೆದ್ದಾರಿಯ ವಾದವನ್ನು ಹಿಗ್ಗಿಸುವುದಿಲ್ಲ. ಆದರೆ ಒಂದು ಸಂಗತಿ ಹೇಳಲೇಬೇಕು, ಅದು ಕನ್ನಡತಿಯವರ ವಾದಕ್ಕೇ ಬಲ ಕೊಡುತ್ತದೆ.

ರೆಸಾರ್ಟಿನ ಯೋಜನೆ ಬಂದಾಗ ರೋಸ್ಲಿನ್‌ನವರು ಕೈಕಟ್ಟಿ ಕೂರಲಿಲ್ಲ. ನೀರು, ರಸ್ತೆ, ಕಾಡಿನ ಬಗ್ಗೆ ಒಂದೊಂದು ಅಂಶವನ್ನೂ ಹಿಡಿದು ವರ್ಷಗಟ್ಟಲೆ ಜಗ್ಗಾಡಿದರು. ಕೊನೆಗೆ ಆದ ಒಪ್ಪಂದದಿಂದ ಊರಿಗೆ ತಾಗಿದ ಸುಮಾರು 300 ಎಕರೆ ಕಾಡು ಊರಿನದೇ ಆಯಿತು. 2017ರ ಆಗಸ್ಟಿನಲ್ಲಿ ಸಿಡಿಲು ಹೊಡೆದು ಜಾಲಿ ಮೌಂಟನ್ ಕಾಡ್ಗಿಚ್ಚು ಎದ್ದಾಗ ಬೆಂಕಿ ರೋಸ್ಲಿನ್ ಮತ್ತು ಪಕ್ಕದ ರೊನಾಲ್ಡ್ ಊರಿನ ಕಡೆಗೇ ಬರುತ್ತಿತ್ತು. ಮನೆ ಬಿಡಲು ಸಿದ್ಧರಾಗಿರಿ ಎಂದು ಜನರಿಗೆ ಸೂಚನೆ ಹೋಗಿತ್ತು. ಎಲ್ಲ ಮರದ ಮನೆಗಳು, ಒಂದು ಹೊತ್ತಿಕೊಂಡರೆ ಇಡೀ ಬೀದಿ ಹೋಗುತ್ತಿತ್ತು. ಊರು ಪಾರಾಯಿತು. ಅಲ್ಲಿಂದ ಮುಂದೆ ಆ ಕಾಡನ್ನು ತೆಳುಗೊಳಿಸಿ, ಒಣಗಿದ್ದನ್ನು ತೆಗೆದು ನೋಡಿಕೊಳ್ಳುವುದು ಊರವರಿಗೆ ಪ್ರಾಣದ ಪ್ರಶ್ನೆಯಾಗಿದೆ. ಅದು ತಮ್ಮದೇ ಕಾಡಾದ್ದರಿಂದ ಮಾಡಬಹುದು.

ನನ್ನ ಅನುಮಾನ ಮಾತ್ರ ಹಾಗೆಯೇ ಇದೆ. ಮುಂದಿನ ಪೀಳಿಗೆಗೆ ಅಲ್ಲಿ ಮನೆ ಕೊಳ್ಳಲು ಸಾಧ್ಯವಾಗದಿದ್ದರೆ ಇಪ್ಪತ್ತೈದು ಸ್ಮಶಾನಗಳ ಹುಲ್ಲು ಕತ್ತರಿಸುವವರು ಯಾರು?

---

ಕಡತ ಹುಡುಕುವವ

ಬಾಬು ಅವರ ಕೊನೆಯ ಪ್ರಶ್ನೆ ಗಟ್ಟಿಯಾದದ್ದು. ಸಂಘಗಳಲ್ಲಿ ಹಲವು ಈಗ ಸದಸ್ಯರಿಲ್ಲದೆ ಹೆಸರಿಗಷ್ಟೇ ಉಳಿದಿವೆ, ಅವುಗಳ ಸ್ಮಶಾನದ ಹೊರೆ ಉಳಿದವರ ಮೇಲೆ ಬೀಳುತ್ತದೆ. ವಂಶಸ್ಥರು ದೂರದ ಊರುಗಳಿಂದ ಬಂದು ನೋಡಿಕೊಳ್ಳುವುದೂ ಉಂಟು.

ಚಾಂಪಿಯನ್ ರೀಫ್ಸ್ ಸರ್, ಒಂದು ಮನವಿ. ರೋಸ್ಲಿನ್‌ನಲ್ಲಿ ಯಾವ ಸ್ಮಶಾನದಲ್ಲಿ ಯಾರು ಮಲಗಿದ್ದಾರೆ ಎಂಬ ಪಟ್ಟಿ ಇರುವುದರಿಂದಲೇ ನಾವು ಇಲ್ಲಿ ಕುಳಿತು ಇಷ್ಟು ಮಾತನಾಡುತ್ತಿದ್ದೇವೆ. ಕೆಜಿಎಫ್‌ನ ಸ್ಮಶಾನಗಳಲ್ಲಿ ಅಧಿಕಾರಿಗಳ ಕಲ್ಲುಗಳ ಬಗ್ಗೆ ಬರೆದವರಿದ್ದಾರೆ. ಕಾರ್ಮಿಕರ ಹೆಸರುಗಳ ಬಗ್ಗೆ ನಿಮ್ಮಂಥ ಹಿರಿಯರು ಹೇಳಿದರೆ ಬರೆದುಕೊಳ್ಳಲು ನಾನು ಸಿದ್ಧನಿದ್ದೇನೆ. ತಮಿಳು, ತೆಲುಗು, ಕನ್ನಡ ಯಾವ ಭಾಷೆಯ ಕಲ್ಲಾದರೂ ಸರಿ.

---

ಚಾಂಪಿಯನ್ ರೀಫ್ಸ್

ಬನ್ನಿ. ಭಾನುವಾರ ಬೆಳಿಗ್ಗೆ ಬಂದರೆ ಒಳ್ಳೆಯದು, ನನ್ನ ಜೊತೆ ಪಾಳಿಯಲ್ಲಿದ್ದ ಇನ್ನಿಬ್ಬರನ್ನೂ ಕರೆಯುತ್ತೇನೆ. ಅವರಿಗೆ ನನಗಿಂತ ಹೆಚ್ಚು ನೆನಪಿದೆ. ತಮಿಳು ಓದುವವರೊಬ್ಬರು ನಿಮ್ಮೊಂದಿಗಿರಲಿ, ಬಹಳಷ್ಟು ಕಲ್ಲುಗಳು ತಮಿಳಿನಲ್ಲಿವೆ. ಕೆಲವರಿಗೆ ಕಲ್ಲೇ ಇಲ್ಲ, ಮನೆಯವರು ಹೇಳಿದ ಜಾಗವಷ್ಟೇ ಇದೆ. ಅದನ್ನೂ ಬರೆದುಕೊಳ್ಳಬೇಕು.

---

ಶಕ್ತಿನಗರದವಳು

ನಾನು ಈ ಬೇಸಿಗೆಯಲ್ಲಿ ಸಿಯಾಟಲ್‌ಗೆ ಅಕ್ಕನ ಮನೆಗೆ ಬರುತ್ತಿದ್ದೇನೆ. ರೋಸ್ಲಿನ್ ನೋಡಬೇಕೆಂದರೆ ಎಲ್ಲಿಂದ ಶುರು ಮಾಡಲಿ? ಸ್ಮಶಾನಗಳಿಗೆ ಹೊರಗಿನವರು ಹೋಗಬಹುದೇ?

---

ಕಿಟಿಟಾಸ್ ಕನ್ನಡತಿ

ಖಂಡಿತ ಬನ್ನಿ. ಕಾರನ್ನು ಪಕ್ಕದ ಕ್ಲೀ ಎಲಂ ಊರಿನಲ್ಲಿ ಬಿಟ್ಟು ಕಲ್ಲಿದ್ದಲು ಗಣಿಗಳ ಹಳೆಯ ರೈಲು ದಾರಿಯಲ್ಲಿ ನಡೆದು ಬನ್ನಿ. ಹಳಿ ತೆಗೆದು ಕಾಲುದಾರಿ ಮಾಡಿದ್ದಾರೆ, ಅದು ರೋಸ್ಲಿನ್ ಮುಟ್ಟಿ ರೊನಾಲ್ಡ್‌ವರೆಗೆ ಹೋಗುತ್ತದೆ. ದಾರಿಯಲ್ಲಿ ಗಣಿಯ ಕಪ್ಪು ತ್ಯಾಜ್ಯದ ರಾಶಿಗಳನ್ನು ನೋಡುವಿರಿ. ಊರೊಳಗೆ ಕಂಪನಿಯ ಹಳೆಯ ಅಂಗಡಿಯ ಕಟ್ಟಡವಿದೆ, 1889ರಿಂದ ನಡೆಯುತ್ತಿರುವ ಬ್ರಿಕ್ ಸಲೂನ್ ಎಂಬ ಮದ್ಯದಂಗಡಿ ಇದೆ, ವಸ್ತುಸಂಗ್ರಹಾಲಯವಿದೆ. ಮುಖ್ಯ ಬೀದಿಯಲ್ಲಿ ಗಣಿ ಕಾರ್ಮಿಕರ ಸ್ಮಾರಕವಿದೆ, ಅದರ ಮೇಲಿನ ಹೆಸರುಗಳನ್ನು ಓದದೆ ಮುಂದೆ ಹೋಗಬೇಡಿ.

ಸ್ಮಶಾನಗಳಿಗೆ ಹೋಗಬಹುದು. ಮೌಂಟ್ ಆಲಿವೆಟ್‌ಗೂ ಹೋಗಿ, ಬಹಳ ಜನ ಅಲ್ಲಿಗೆ ಹೋಗದೆ ಹಿಂದಿರುಗುತ್ತಾರೆ. ಕಲ್ಲುಗಳಿಗೆ ಒರಗಬೇಡಿ, ಅಕ್ಷರ ಕಾಣಲೆಂದು ಉಜ್ಜಬೇಡಿ, ಮೆತ್ತಗಿನ ಕಲ್ಲು, ಬೇಗ ಸವೆಯುತ್ತದೆ. ಇಳಿಜಾರಿನಲ್ಲಿ ಪೈನ್ ಎಲೆ ಬಿದ್ದು ಜಾರುತ್ತದೆ, ಒಳ್ಳೆಯ ಬೂಟು ಹಾಕಿಕೊಳ್ಳಿ. ಆಗಸ್ಟಿನಲ್ಲಿ ಬರುವುದಾದರೆ ಹೊರಡುವ ಮುನ್ನ ಕಾಡ್ಗಿಚ್ಚಿನ ಹೊಗೆ ಇದೆಯೇ ಎಂದು ವಿಚಾರಿಸಿಕೊಳ್ಳಿ. ಬರುವ ದಿನ ಇಲ್ಲಿ ತಿಳಿಸಿದರೆ ನಾನೇ ಜೊತೆಗೆ ಬರುತ್ತೇನೆ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ.